ಜಾಹೀರಾತಿನ ಕಸುಬು



ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಈ ಸೀಮೆಯಲ್ಲಿ ಯಾವ ಕೆಲಸಕ್ಕೆ ಒದಗಿಯಾರು ಎಂದು ಪೋಷಕರು ಕೇಳುವುದುಂಟು. ಅದು ಕೇಳತಕ್ಕ ಪ್ರಶ್ನೆಯೇ ಸರಿ. ಬರಿಯ ಭಾಷಾಭಿಮಾನದ ಮಾತುಗಳಿಂದ ಅದಕ್ಕೆ ಉತ್ತರ ಕೊಟ್ಟಂತಾಗದು. ಆದುದರಿಂದ ಒಂದು ಕಸುಬಿನ ಚರಿತ್ರೆಯನ್ನೇ ಇಂದು ನಿಮ್ಮ ಮುಂದಿಡುತ್ತೇವೆ.

ಜಾಹೀರಾತು ನಮಗೆ ಹೊಸದಲ್ಲ. ಹಿಂದೆ ಡಂಗುರ ಹೊಡೆಯುವವನು ಊರಿಗೆ ಸುದ್ದಿ ಸಾರುತ್ತಿದ್ದನು. ಟೂರಿಂಗ್ ಸಿನಿಮಾ ಬಂದಾಗ ಎತ್ತಿನ ಗಾಡಿಯಿಂದ ಹಂಚುತ್ತಿದ್ದ ಬಣ್ಣದ ಚೀಟಿಗಳ ಹಿಂದೆ ಓಡಿದ ನೆನಪು ಇಲ್ಲಿರುವ ಹಿರಿಯರಿಗೆ ಇದ್ದೀತು. ನಮ್ಮ ಮೊರಪ್ಪೂರು ರೈಲು ನಿಲ್ದಾಣದ ಊರು. 1906ರಿಂದ 1941ರವರೆಗೆ ಧರ್ಮಪುರಿಯ ಕಡೆಯ ಸಣ್ಣ ರೈಲಿಗೆ ಜನರು ಇಲ್ಲಿಯೇ ಇಳಿದು ಹತ್ತಬೇಕಾಗಿತ್ತು. ಜನರು ಕಾದು ನಿಲ್ಲುವ ಕಡೆಯಲ್ಲಿ ಗೋಡೆಗಳೂ ಮಾತನಾಡತೊಡಗುತ್ತವೆ.

ಇದನ್ನೇ ಕಸುಬಾಗಿ ಮಾಡಿಕೊಂಡವು ಏಜೆನ್ಸಿಗಳು. ಮುಂಬಯಿಯ ಗಿರಗಾಂವಿನಲ್ಲಿ 1905ರಲ್ಲಿ ತೊಡಗಿದ ಬಿ. ದತ್ತಾರಾಮ್ ಕಂಪೆನಿಯನ್ನು ಭಾರತೀಯರ ಏಜೆನ್ಸಿಗಳಲ್ಲಿ ಬಹು ಹಳೆಯದೆಂದು ಎಣಿಸುತ್ತಾರೆ. ಏಜೆನ್ಸಿಯ ಲೆಕ್ಕಾಚಾರ ವಿಚಿತ್ರವಾದುದು. ಸಾಬೂನು ಮಾರುವವನಿಗಾಗಿ ಅದು ಚಿತ್ರ ಬರೆಸಿ, ವಾಕ್ಯ ಜೋಡಿಸಿ, ಪತ್ರಿಕೆಯಲ್ಲಿ ಸ್ಥಳ ಕೊಳ್ಳುತ್ತದೆ. ಆದರೆ ಅದರ ಕೂಲಿಯನ್ನು ರೂಢಿಯಲ್ಲಿ ಬಿಟ್ಟುಕೊಡುತ್ತಿದ್ದುದು ಪತ್ರಿಕೆ. ನೂರು ರೂಪಾಯಿಯ ಸ್ಥಳಕ್ಕೆ 15 ರೂಪಾಯಿ.

ಕನ್ನಡ ನಾಡಿನಲ್ಲಿ ಈ ವಿದ್ಯೆಯನ್ನು ಬಲು ಸೊಗಸಾಗಿ ನಡೆಸಿದುದು ಸರ್ಕಾರದ್ದೇ ಒಂದು ಕಾರ್ಖಾನೆ. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಹೋಗುವುದು ನಿಂತಿತು. ಮೈಸೂರು ಸಂಸ್ಥಾನದಲ್ಲಿ ಮರ ರಾಶಿ ಬಿದ್ದಿತು. ಗಂಧದ ಮರವೆಂದರೆ ಏನೆಂಬುದನ್ನು ಚಿತ್ತೇರಿ ಬೆಟ್ಟದ ಮಗ್ಗುಲಲ್ಲಿರುವ ನಮಗೆ ಹೇಳಬೇಕಾದುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಏರ್ಪಟ್ಟಿತು. ಸಾಬೂನಿನ ಶಾಸ್ತ್ರವನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಹೀಗೆ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು.

ಸಾಬೂನು ಮಾಡಿದರೆ ಸಾಲದು, ಮಾರಬೇಕು. ಉಳಿದ ಸಾಬೂನುಗಳು ಇಟ್ಟಿಗೆಯಂತೆ ಚೌಕವಾಗಿದ್ದಾಗ ಇದನ್ನು ಅಂಡಾಕಾರದಲ್ಲಿ ಅಚ್ಚುಹಾಕಿದರು. ಒಡವೆಯ ಪೆಟ್ಟಿಗೆಯನ್ನು ನೆನಪಿಗೆ ತರುವ ಡಬ್ಬಿಯಲ್ಲಿಟ್ಟರು. ಆನೆಯ ತಲೆ, ಸಿಂಹದ ಒಡಲುಳ್ಳ ಶರಭವನ್ನು ಲಾಂಛನವಾಗಿ ಒತ್ತಿದರು. ಅಕ್ಷರ ಬಾರದ ಗಿರಾಕಿಯೂ ಅದನ್ನು ನೋಡಿಯೇ ಗುರುತಿಸಬಲ್ಲನು. ಟ್ರಾಮಿನ ಟಿಕೀಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಸಾಬೂನಿನ ಚಿತ್ರ ಬಂದಿತು. ಈಗ ಪಾಕಿಸ್ತಾನದಲ್ಲಿರುವ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು! ಇಂದಿನ ಅನೇಕ ದೊಡ್ಡ ಏಜೆನ್ಸಿಗಳಿಗೆ ಇಷ್ಟು ಧೈರ್ಯವಿದೆಯೆಂದು ನಮಗೆ ತೋರುವುದಿಲ್ಲ.

ಮುಂದೆ 1966ರಲ್ಲಿ ಸರ್ಕಾರವು ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ತೆರೆಯಿತು. 1972ರಲ್ಲಿ ಜಾಹೀರಾತಿನ ಕೆಲಸಕ್ಕೆ ಬೆಂಗಳೂರಿನಲ್ಲಿ ಬೇರೊಂದು ಸಂಸ್ಥೆ ಬಂದಿತು. ಸರ್ಕಾರಿ ಇಲಾಖೆಗಳ ಪ್ರಕಟಣೆಗಳನ್ನು ಪತ್ರಿಕೆಗಳಿಗೆ ತಲುಪಿಸುವ ಏಜೆನ್ಸಿ ಅದು.

ಈಗ ಪೋಷಕರ ಪ್ರಶ್ನೆಗೆ ಬರೋಣ. ದೊಡ್ಡ ಕಂಪೆನಿಗಳ ಜಾಹೀರಾತು ಹೆಚ್ಚಾಗಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಹುಟ್ಟಿ, ಆಮೇಲೆ ಕನ್ನಡಕ್ಕೂ ತಮಿಳಿಗೂ ಇಳಿಯುತ್ತದೆ. ಆ ಇಳಿಸುವಿಕೆಯಲ್ಲಿಯೇ ಅಪಾಯವಿರುವುದು. ‘ಕೇವಲ 10 ರೂಪಾಯಿ’ ಎಂದರೆ ಕನ್ನಡದ ಗಿರಾಕಿ ಸಂತೋಷದಿಂದ ಹತ್ತಿರ ಬರುತ್ತಾನೆ. ಆ ‘ಕೇವಲ’ವನ್ನೇ ತಮಿಳಿಗೆ ಒಯ್ದಿರೋ, ಅದು ಕೀಳೆಂಬ ಅರ್ಥ ಕೊಟ್ಟು ಅವನನ್ನು ಓಡಿಸುತ್ತದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ಧಗಳಿಗೂ ಹಾಗೆಯೇ. ‘ಗಾಂಧಿ’ಯೂ ‘ಕಾಂತಿ’ಯೂ ಅಲ್ಲಿ ಒಂದೇ ರೀತಿ ಬರೆಯಲ್ಪಡುತ್ತವೆ. ತಮಿಳು ಬೋರ್ಡನ್ನು ನೋಡಿ ಕನ್ನಡದಲ್ಲಿ ಬರೆಯುವವನಿಗೆ ಅಂಗಡಿಯವನ ಮನಸ್ಸಿನಲ್ಲಿದ್ದುದು ಯಾವುದೆಂದು ತಿಳಿದಿರಬೇಕು. ಎರಡರಲ್ಲೊಂದೇ ಭಾಷೆ ಬಲ್ಲವನಿಗೆ ಇದು ಹೊಳೆಯದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮ್ಮ ಮಕ್ಕಳು ಇದನ್ನು ಆಟದಲ್ಲಿಯೇ ಕಲಿತಿರುತ್ತಾರೆ. ಆದರೆ ಆಡಿದರೆ ಸಾಲದು, ಎರಡನ್ನೂ ತಪ್ಪಿಲ್ಲದೆ ಬರೆಯಲು ಬರಬೇಕು. ಶಾಲೆಯ ಹೊಣೆ ಇರುವುದು ಅಲ್ಲಿ. ಮಕ್ಕಳು ಕೈಯಾರೆ ಬರೆದ ತಮಿಳನ್ನೂ ಕನ್ನಡವನ್ನೂ ತಿಂಗಳಿಗೊಮ್ಮೆಯಾದರೂ ತಾವು ತರಿಸಿ ನೋಡಬೇಕೆಂದು ಪೋಷಕರಲ್ಲಿ ಬೇಡುತ್ತೇವೆ.

ವಿದ್ಯಾರ್ಥಿಗಳೆ, ನಾಳೆ ರೈಲು ನಿಲ್ದಾಣದ ರಸ್ತೆಯಲ್ಲಿ ನಡೆಯುವಾಗ ಹತ್ತು ಬೋರ್ಡುಗಳನ್ನು ಆರಿಸಿಕೊಳ್ಳಿರಿ. ಅವುಗಳ ಮಾತನ್ನು ಕನ್ನಡದಲ್ಲಿ, ಅಷ್ಟೇ ಚಿಕ್ಕದಾಗಿ, ಬರೆದು ನಿಮ್ಮ ಉಪಾಧ್ಯಾಯರಿಗೆ ತೋರಿಸಿರಿ. ಚೆನ್ನಾದುವನ್ನು ಶಾಲೆಯ ಗೋಡೆಯ ಮೇಲೆ ಅಂಟಿಸಲು ಉಪಾಧ್ಯಾಯರನ್ನು ಕೇಳಿಕೊಂಡಿದ್ದೇವೆ.