ವಿಪತ್ಕಾಲದ ದಾಸೋಹ
(ಮಹೋತ್ಸವದ ಮೂರನೆಯ ದಿವಸದ ಸಭೆಯಲ್ಲಿ ಮಾಡಿದ ಉಪನ್ಯಾಸ)

ದಾಸೋಹತತ್ತ್ವವನ್ನು ಕುರಿತು ಮಾತನಾಡತಕ್ಕದ್ದೆಂದು ಮಹೋತ್ಸವ ಸಮಿತಿಯವರ ಅಪ್ಪಣೆ. ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಆ ಶಬ್ದದ ನಿಷ್ಪತ್ತಿಯನ್ನು ಹೇಳುತ್ತಲೇ ಎರಡು ತಾಸು ಕಳೆಯುವುದು ಕಷ್ಟವಲ್ಲ; ಕೇಳುವವರಿಗೆ ಮಾತ್ರ ಕಷ್ಟ. ಆದಕಾರಣ ಆ ದಾರಿಯನ್ನು ಬಿಟ್ಟು, ನಿನ್ನೆಯ ಸಭೆಯಲ್ಲಿ ಎದ್ದು ಅರ್ಧಕ್ಕೆ ನಿಂತ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತೇನೆ. ಮಹೋತ್ಸವದ ಕಾಣಿಕೆಯಲ್ಲಿ ಒಂದು ಭಾಗವನ್ನು ವಿಪತ್ತಿಗೆ ಸಿಕ್ಕಿದವರಿಗಾಗಿ ತೆಗೆದಿಡಬೇಕೆಂದು ನಿಶ್ಚಯವಾಯಿತು. ಅದನ್ನು ಯಾವಾಗ, ಯಾರ ಕೈಯಿಂದ, ಯಾವುದಕ್ಕೆ ವೆಚ್ಚಮಾಡಬೇಕೆಂಬುದು ಮಾತ್ರ ನಿಶ್ಚಯವಾಗಲಿಲ್ಲ.

ವಿಪತ್ತು ಬಂದ ಮೇಲೆ ಧಾನ್ಯ, ವಸ್ತ್ರಗಳನ್ನು ಕೊಂಡು ಹಂಚಿದರಾಯಿತೆಂಬುದು ಬಹುಜನರ ಅಭಿಪ್ರಾಯ. 2009ನೆಯ ಇಸವಿಯವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಆ ವರ್ಷ ಸಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆ ಸುರಿದು ಊರುಗಳು ಮುಳುಗಿದ್ದು ತಮಗೆಲ್ಲ ವಿದಿತವೇ ಇದೆ. ನಮ್ಮ ಮಠದಿಂದ ರೊಟ್ಟಿ, ಚಟ್ನಿಪುಡಿ, ಸೀರೆ, ಧೋತರಗಳನ್ನು ತುಂಬಿಕೊಂಡು ಹೊರಟ ಮೂರು ಲಾರಿಗಳ ಉಸ್ತುವಾರಿ ನನ್ನದಾಗಿತ್ತು. ಡಾಂಬರು ರಸ್ತೆಯ ಮಗ್ಗುಲಿನ ಒಂದು ಊರಲ್ಲಿ ಇಳಿಸಿದೆವು. ನಮಗಿಂತ ಮೊದಲು ಬೇರೆ ನಾಲ್ಕು ಸಂಸ್ಥೆಗಳವರು ಅಲ್ಲಿಯೇ ಇಳಿಸಿ ಹೋಗಿದ್ದರೆಂಬುದು ಆಮೇಲೆ ತಿಳಿಯಿತು. ಒಬ್ಬ ಮುದುಕಿ ನನ್ನ ಕೈಯೊಳಗಿನ ಸೀರೆಯನ್ನು ತೆಗೆದುಕೊಳ್ಳದೆ, “ಅಯ್ನಾರ, ಸೀರಿ ನಾಕ ಬಂದಾವ, ಅಡಗಿ ಮಾಡಾಕ ಒಂದ ಪಾತ್ರಿ ಇಲ್ರಿ” ಎಂದಳು. ಹಳ್ಳದ ಆಚೆಯ ಚಿಕ್ಕ ಹಟ್ಟಿಗೆ ಆ ದಿವಸದವರೆಗೂ ಯಾರೂ ಹೋಗಿರಲಿಲ್ಲ. ನಾವೂ ಹೋಗಲಿಲ್ಲ, ಯಾಕಂದರೆ ಅಂಥದೊಂದು ಹಟ್ಟಿಯಿರುವ ಸಂಗತಿಯೇ ನಮಗೆ ಗೊತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ನಮಗೆ ಹಾರಹಾಕಿ ಸನ್ಮಾನಿಸಿದರು. ಆ ಹಾರ ನನಗೆ ಭಾರವಾಗಿತ್ತೆಂದು ಇಂದು ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ.

ಬಯಲುಸೀಮೆಯ ಮಠಕ್ಕೆ ಸಮುದ್ರದ ಚಂಡಮಾರುತದ ಗೊಡವೆ ಯಾಕೆಂದು ನಿನ್ನೆ ಒಬ್ಬ ಹಿರಿಯರು ಕೇಳಿದರು. ಮೇಲೆ ಹೇಳಿದ ಮಳೆಯನ್ನು ತಂದದ್ದು ಬಂಗಾಳ ಉಪಸಾಗರದಲ್ಲಿ ಹುಟ್ಟಿದ ವಾಯುಭಾರ ಕುಸಿತವೇ. ಇನ್ನು ಪಶ್ಚಿಮ ಸಮುದ್ರದಲ್ಲಿ 2021ನೆಯ ಇಸವಿ ಮೇ ತಿಂಗಳಲ್ಲಿ ‘ತೌಕ್ತೆ’ ಎಂಬ ಚಂಡಮಾರುತವು ಹಾದುಹೋದಾಗ ನಮ್ಮ ಕರಾವಳಿಯ ಮೂರು ಜಿಲ್ಲೆಗಳ ಮೀನುಗಾರರ ಮನೆಗಳೂ ದೋಣಿಗಳೂ ಹಾಳಾದವು. ಗಾಳಿಗೆ ಜಿಲ್ಲೆಯ ಗಡಿ ತಿಳಿಯದು. ಆದರೂ ಈ ವಿಷಯದಲ್ಲಿ ಕಲಿಯಬೇಕಾದವರು ನಾವು, ಕಲಿಸತಕ್ಕವರು ಪೂರ್ವ ಸಮುದ್ರದ ತೀರದವರು. ಆದ್ದರಿಂದ ತಮ್ಮನ್ನು ಆ ಕಡೆಗೆ ಕರೆದೊಯ್ಯುತ್ತೇನೆ.

ಬಂಗಾಳ ಉಪಸಾಗರವು ಉತ್ತರಕ್ಕೆ ಹೋದಂತೆ ಲಾಳಿಕೆಯ ಹಾಗೆ ಕಿರಿದಾಗುತ್ತದೆ. ತೀರದ ಬಳಿ ಆಳವೂ ಕಡಿಮೆ. ಗಾಳಿಯು ನೂಕಿ ತಂದ ನೀರಿಗೆ ಹರಡಿಕೊಳ್ಳಲು ಎಡೆಯಿಲ್ಲದೆ ಅದು ಗೋಡೆಯಂತೆ ಎದ್ದು ನೆಲದ ಮೇಲೆ ಬೀಳುತ್ತದೆ. ಜನರನ್ನು ಕೊಲ್ಲುವುದು ಹೆಚ್ಚಾಗಿ ಗಾಳಿಯಲ್ಲ, ಈ ನೀರು. 1970ನೆಯ ಇಸವಿ ನವೆಂಬರ್ 12ರ ರಾತ್ರಿ ಇಂದಿನ ಬಾಂಗ್ಲಾದೇಶದ ಭೋಲಾ ಮೊದಲಾದ ದ್ವೀಪಗಳಲ್ಲಿ ಹೀಗೆ ಮಡಿದವರು ಮೂರರಿಂದ ಐದು ಲಕ್ಷವೆಂದು ಅಂದಾಜು ಮಾಡಿರುವರು. ಬಿರುಗಾಳಿ ಬರುವ ಸಂಗತಿಯು ಹವಾಮಾನ ಬಲ್ಲವರಿಗೆ ತಿಳಿದೇ ಇತ್ತು; ಅದು ಗುಡಿಸಲಿನ ಬಾಗಿಲವರೆಗೆ ತಿಳಿಯುವ ಮಾತಾಗಿ ಹೋಗಿ ಮುಟ್ಟಲಿಲ್ಲ.

ಆ ಬಾಗಿಲವರೆಗಿನ ದಾರಿಯನ್ನು ಕಟ್ಟಿದ್ದು ಒಂದು ಸಹಯೋಗ. 1972ರಲ್ಲಿ ರೆಡ್ ಕ್ರಾಸ್ ಸಂಸ್ಥೆಯವರು ಚಂಡಮಾರುತದ ಪೂರ್ವಸಿದ್ಧತೆಯ ಯೋಜನೆಯನ್ನು ಆರಂಭಿಸಿದರು. ಮರುವರ್ಷ ಅಲ್ಲಿಯ ಸರಕಾರವೂ ಅದರಲ್ಲಿ ಸಮಪಾಲು ಹೊಣೆ ಹೊತ್ತಿತು. ಸಂಬಳವಿಲ್ಲದ ಸ್ವಯಂಸೇವಕರು ಆಯಾ ಊರಿನವರೇ. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಒಂದು, ಎರಡು, ಮೂರು ಬಾವುಟಗಳನ್ನು ಏರಿಸುವುದು, ಕೈಯಿಂದ ತಿರುಗಿಸುವ ಸೈರನ್ನು ಕೂಗಿಸುವುದು, ಧ್ವನಿವರ್ಧಕ ಹಿಡಿದು ಮನೆಮನೆಗೆ ತಿರುಗುವುದು, ಮುದುಕರನ್ನೂ ಬಸುರಿಯರನ್ನೂ ಆಶ್ರಯಮಂದಿರಕ್ಕೆ ಮುಟ್ಟಿಸುವುದು ಅವರ ಕಾಯಕ. ಇಂದು ಅವರ ಸಂಖ್ಯೆ 76,000ದಷ್ಟಾಗಿರುವುದು.

ಇಷ್ಟು ಹೇಳಿ ಮುಗಿಸಿದರೆ ಕಥೆ ಸುಂದರವಾಗುತ್ತಿತ್ತು. ಆದರೆ 1991ನೆಯ ಇಸವಿ ಏಪ್ರಿಲ್ 29ರ ಚಂಡಮಾರುತದಲ್ಲಿ ಅದೇ ದೇಶದಲ್ಲಿ ಸುಮಾರು 1,38,000 ಜನರು ಸತ್ತರು. ಸೂಚನೆ ಮುಟ್ಟಿತ್ತು, ಆಶ್ರಯಮಂದಿರಗಳು ಸಾಲದಾದವು, ಇದ್ದವುಗಳಿಗೂ ಅನೇಕರು ಹೋಗಲಿಲ್ಲ. ಸತ್ತವರಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಬಹಳ ಹೆಚ್ಚು. ಇದಕ್ಕೆ ಕಾರಣವನ್ನು ಹುಡುಕಿದವರು ಕಂಡದ್ದನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಮನೆಯ ಯಜಮಾನನ ಅಪ್ಪಣೆಯಿಲ್ಲದೆ ಹೊರಡಬಾರದೆಂದು ಕಾದು ಕುಳಿತವರು ಅವರು. ಪರಪುರುಷರ ನಡುವೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುವುದೆಂತೆಂದು ಸಂಕೋಚಪಟ್ಟವರು ಅವರು. ಕಂಕುಳಲ್ಲಿ ಕೂಸು, ಕಾಲಿಗೆ ಸುತ್ತಿಕೊಂಡ ಸೀರೆ, ಈಜು ಬಾರದು. ಗಂಡಸು ಬಂದು ಬಾಗಿಲು ತಟ್ಟಿದರೆ ಏಳದವಳು ನೆರೆಮನೆಯ ಹೆಂಗಸು ಕೈಹಿಡಿದು ಕರೆದರೆ ಏಳುತ್ತಾಳೆ. ಅಂತಲೇ ಇಂದು ಆ ಸ್ವಯಂಸೇವಕರಲ್ಲಿ ಅರ್ಧದಷ್ಟು ಜನ ಸ್ತ್ರೀಯರು. ಒಕ್ಕಲಿಗನಾದವನು ದನವನ್ನು ಬಿಟ್ಟು ಕದಲುವುದಿಲ್ಲವೆಂಬುದು ನಮಗೆ ಬೇರೆ ಹೇಳಬೇಕಾದದ್ದಲ್ಲ. ಅದಕ್ಕಾಗಿ ದನಗಳು ನಿಲ್ಲಲು ಮಣ್ಣಿನ ಎತ್ತರದ ದಿಬ್ಬಗಳನ್ನು ಹಾಕಿರುವರು, ಅವನ್ನು ಅಲ್ಲಿ ‘ಕಿಲ್ಲಾ’ ಎನ್ನುತ್ತಾರೆ. 2007ರ ನವೆಂಬರಿನಲ್ಲಿ ‘ಸಿದ್ರ್’ ಎಂಬ ಅತ್ಯುಗ್ರ ಚಂಡಮಾರುತ ಬಂದಾಗ ಸತ್ತವರು ಸುಮಾರು 3,400. ಅದೂ ಅಲ್ಪವಲ್ಲ, ಆದರೆ ಲಕ್ಷದಿಂದ ಸಾವಿರಕ್ಕೆ ಇಳಿದದ್ದು ಸುಮ್ಮನೆ ಅಲ್ಲ.

ನಮ್ಮ ದೇಶದ ಒಡಿಶಾ ಪ್ರಾಂತದ್ದೂ ಹೆಚ್ಚುಕಡಿಮೆ ಇದೇ ವೃತ್ತಾಂತ. 1999ನೆಯ ಇಸವಿ ಅಕ್ಟೋಬರ್ 29ರಂದು ಪಾರಾದೀಪದ ಸಮೀಪ ನೆಲಮುಟ್ಟಿದ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಪ್ರಾಣಗಳು ಹೋದವು. ಜಗತ್‌ಸಿಂಗಪುರ ಜಿಲ್ಲೆಯ ಎರಸಮಾ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚಿನ ಹಾನಿ. ಅಂಥ ಹೊತ್ತಿನಲ್ಲಿಯೂ ಜರ್ಮನಿಯ ರೆಡ್ ಕ್ರಾಸಿನವರ ನೆರವಿನಿಂದ ನಮ್ಮ ರೆಡ್ ಕ್ರಾಸ್ ಸಂಸ್ಥೆಯವರು ಮೊದಲೇ ಕಟ್ಟಿದ್ದ ಕೆಲವೇ ಆಶ್ರಯಮಂದಿರಗಳಲ್ಲಿ ಹತ್ತಾರು ಸಾವಿರ ಜನ ಬದುಕಿಕೊಂಡರು. ಸರಕಾರವು ಅದನ್ನು ನೋಡಿ ಕಲಿಯಿತು. ಇಂದು ಅಲ್ಲಿ ಎಂಟುನೂರಕ್ಕೂ ಮಿಕ್ಕಿ ಮಂದಿರಗಳಿವೆ. ಎತ್ತರದ ಕಂಬಗಳ ಮೇಲೆ ಕಟ್ಟಿದ ಹಜಾರ. ನಡೆಯಲಾರದವರಿಗೆ ಇಳಿಜಾರಿನ ದಾರಿ. ಅನೇಕ ಕಡೆ ಬಿರುಗಾಳಿಯಿಲ್ಲದ ದಿನಗಳಲ್ಲಿ ಅದೇ ಮಕ್ಕಳ ಶಾಲೆ. ನೋಡಿಕೊಳ್ಳುವುದು ಊರಿನವರದೇ ಸಮಿತಿ. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ತೀರದಿಂದ ತೆರವು ಮಾಡಿಸಿದರು. ಸತ್ತವರು ಐವತ್ತಕ್ಕಿಂತ ಕಡಿಮೆ.

ಹಣವಿದ್ದ ದೇಶಕ್ಕೆ ಈ ಚಿಂತೆಯಿಲ್ಲವೆಂದು ಭಾವಿಸಬೇಡಿರಿ. ಅಮೇರಿಕಾ ಖಂಡದ ಕಡೆ ಇದೇ ಗಾಳಿಗೆ ಹರಿಕೇನ್ ಎಂದು ಹೆಸರು. 2005ರಲ್ಲಿ ‘ಕತ್ರೀನಾ’ ಎಂಬುದು ನ್ಯೂ ಆರ್ಲಿಯನ್ಸ್ ಪಟ್ಟಣವನ್ನು ಮುಳುಗಿಸಿದಾಗ ಊರು ಬಿಡಲು ಅಪ್ಪಣೆಯೇನೋ ಆಗಿತ್ತು. ವಾಹನವಿದ್ದವರು ಹೋದರು, ಬಡವರೂ ರೋಗಿಗಳೂ ಮುದುಕರೂ ಉಳಿದರು. ಸಾವಿರಕ್ಕೂ ಮಿಕ್ಕಿ ಜನ ಸತ್ತರು.

ಗಾಳಿ ನಿಂತ ಮೇಲಿನ ಕಷ್ಟವು ಬೇರೆ ಬಗೆಯದು. 2009ರ ಮೇ ತಿಂಗಳಲ್ಲಿ ‘ಐಲಾ’ ಬಂದು ಸುಂದರಬನದ ಒಡ್ಡುಗಳು ಒಡೆದಾಗ ಗದ್ದೆಗಳಲ್ಲಿಯೂ ಕೆರೆಗಳಲ್ಲಿಯೂ ಉಪ್ಪುನೀರು ನಿಂತಿತು. ಬಿತ್ತಿದ್ದು ಬೆಳೆಯದು, ಕುಡಿಯಲು ನೀರಿಲ್ಲ. ಗಂಡಸರು ಗುಂಪುಗುಂಪಾಗಿ ಕೂಲಿಗೆ ದೂರದೇಶಕ್ಕೆ ಹೋದರು. ರಾಮಕೃಷ್ಣ ಮಿಷನ್, ಭಾರತ ಸೇವಾಶ್ರಮ ಸಂಘ ಮೊದಲಾದ ಸಂನ್ಯಾಸಿಗಳ ಸಂಸ್ಥೆಗಳು ಆ ಕಾಲದಲ್ಲಿ ಅಲ್ಲಿ ದುಡಿದವು. ಉಪ್ಪನ್ನು ತಾಳಿಕೊಳ್ಳುವ ಹಳೆಯ ನೆಲ್ಲಿನ ತಳಿಗಳನ್ನು ರೈತರಿಗೆ ಮರಳಿ ಒದಗಿಸಲು ಯತ್ನಿಸಿದ ಸಂಘಗಳೂ ಉಂಟು. ಒಂದು ಮೂಟೆ ಅಕ್ಕಿ ಒಂದು ತಿಂಗಳಿಗೆ ಸರಿ. ಒಂದು ಮೂಟೆ ತಕ್ಕ ಬೀಜವಾದರೆ ಲೆಕ್ಕವೇ ಬೇರೆ. ಮಠಗಳು ಈ ಕೆಲಸಕ್ಕೆ ಹೊಸಬವೇನೂ ಅಲ್ಲ. 1897ರಲ್ಲಿಯೇ ಸ್ವಾಮಿ ಅಖಂಡಾನಂದರು ಮುರ್ಶಿದಾಬಾದ್ ಜಿಲ್ಲೆಯ ಮಹುಲಾ ಎಂಬಲ್ಲಿ ಕ್ಷಾಮಪೀಡಿತರ ಸೇವೆಗೆ ತೊಡಗಿದ್ದರು.

ಇನ್ನೊಂದು ಮಾತನ್ನು ಈ ಪೀಠದ ಎದುರಿಗೇ ಹೇಳಬೇಕಾಗಿದೆ. 2004ರ ಡಿಸೆಂಬರಿನಲ್ಲಿ ತಮಿಳುನಾಡಿನ ನಾಗಪಟ್ಟಣದ ತೀರಕ್ಕೆ ಬಂದದ್ದು ಸುನಾಮಿ, ಚಂಡಮಾರುತವಲ್ಲ. ಆದರೆ ಅದೂ ಸಮುದ್ರದ ನೀರೇ. ನೂರಾರು ಸಂಸ್ಥೆಗಳು ಒಮ್ಮೆಲೆ ಬಂದು ಸೇರಿದುದರಿಂದ ಗೊಂದಲವಾಗಿ, ಜಿಲ್ಲೆಯ ಅಧಿಕಾರಿಗಳೂ ಸೇವಾಸಂಸ್ಥೆಗಳೂ ಕೂಡಿ ಒಂದು ಸಮನ್ವಯ ಕೇಂದ್ರವನ್ನು ನಡೆಯಿಸಿ, ಯಾವ ಊರಿಗೆ ಏನು ಬೇಕೆಂಬ ಲೆಕ್ಕವನ್ನು ಒಂದೆಡೆ ಇಟ್ಟರು. ನಮ್ಮ ಮೂರು ಲಾರಿಗಳಿಗೆ ಬೇಕಾಗಿದ್ದದ್ದು ಇಂಥದೊಂದು ಲೆಕ್ಕದ ಪುಸ್ತಕವೇ. ಆದರೆ ಅದೇ ತೀರದ ಶಿಬಿರಗಳಲ್ಲಿ ದಲಿತರನ್ನು ಹೊರಗಿಟ್ಟ, ಅವರಿಗೆ ಕುಡಿಯುವ ನೀರಿಗೂ ಅಡ್ಡಿಮಾಡಿದ ಸಂಗತಿಗಳೂ ಆ ಕಾಲದ ವರದಿಗಳಲ್ಲಿ ದಾಖಲಾಗಿವೆ. ನಮ್ಮ ಮಠದ ಪಂಕ್ತಿಯಲ್ಲಿ ಭೇದವಿಲ್ಲವೆಂದು ನಾವು ಹೆಮ್ಮೆಪಡುವೆವು. ಹಾಗಾದರೆ 2009ರಲ್ಲಿ ನಾವು ಮರೆತ ಆ ಹಟ್ಟಿ ಯಾರದಾಗಿತ್ತು? ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆನು, ತಾವೂ ಊಹಿಸಬಲ್ಲಿರಿ. ನಾವು ಯಾರನ್ನೂ ಪಂಕ್ತಿಯಿಂದ ಎಬ್ಬಿಸಲಿಲ್ಲ, ನಿಜ. ಕರೆಯಲೂ ಇಲ್ಲ.

ಆದಕಾರಣ ಸಮಿತಿಯವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಿಧಿಯ ಅರ್ಧವನ್ನಾದರೂ ವಿಪತ್ತು ಬರುವುದಕ್ಕೆ ಮೊದಲೇ ವೆಚ್ಚಮಾಡಬೇಕು. ಸಾವಿರಾರು ಜನಕ್ಕೆ ಅಡಿಗೆ ಮಾಡಬಲ್ಲ ಕೈಗಳು ನಮ್ಮಲ್ಲಿವೆ, ಉಗ್ರಾಣವಿದೆ, ಜನರ ನಂಬಿಕೆಯಿದೆ. ದೋಣಿಯಿಲ್ಲ, ಗಾಳಿಯ ಜ್ಞಾನವಿಲ್ಲ. ಇಲ್ಲದ್ದನ್ನು ಉಳ್ಳವರೊಡನೆ, ಅಂದರೆ ಕರಾವಳಿಯ ಮೀನುಗಾರರ ಸಂಘಗಳೊಡನೆ, ರೆಡ್ ಕ್ರಾಸಿನವರೊಡನೆ, ಜಿಲ್ಲೆಯ ಅಧಿಕಾರಿಗಳೊಡನೆ ಈಗಲೇ ಕರಾರು ಮಾಡಿಕೊಳ್ಳಬೇಕು. ಮಠದ ಹೆಸರಿನ ಫಲಕವು ಲಾರಿಯ ಮೇಲೆ ಕಾಣದಿದ್ದರೂ ಚಿಂತೆಯಿಲ್ಲ. ನಮ್ಮ ಪ್ರಸಾದನಿಲಯದ ಹುಡುಗರಲ್ಲಿ ಇಪ್ಪತ್ತು ಮಂದಿಗೆ, ಅಕ್ಕನ ಬಳಗದ ತಾಯಂದಿರಲ್ಲಿ ಇಪ್ಪತ್ತು ಮಂದಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸಬೇಕು. ಹೊಳೆದಂಡೆಯ ನಮ್ಮ ಊರುಗಳಲ್ಲಿ ಹಳ್ಳದ ಆಚೆ ಯಾರಿದ್ದಾರೆ, ಎಷ್ಟು ಜನ, ನಡೆಯಲಾರದವರು ಯಾರು ಎಂಬುದನ್ನು ಮುಂದಿನ ಮಳೆಗಾಲದೊಳಗೆ ಬರೆದಿಡಬೇಕು. ಆ ಬರವಣಿಗೆಯ ಕೆಲಸವನ್ನು ನಾನೇ ವಹಿಸಿಕೊಳ್ಳಲು ಸಿದ್ಧನಿದ್ದೇನೆ. ಜೊತೆಗೆ ತಿರುಗಲು ಬರುವವರು ಈ ಹೊತ್ತಿನ ಪ್ರಸಾದವಾದ ಮೇಲೆ ಪಾಠಶಾಲೆಯ ಪಡಸಾಲೆಯಲ್ಲಿ ತಮ್ಮ ಹೆಸರು, ಊರು ಬರೆಯಿಸತಕ್ಕದ್ದು.