ಓದುವವರ ಮನೆಯ ಒಂದು ವಾರ



ಓದಿನ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಮಹನೀಯರ ಉದಾಹರಣೆ ಕೊಡುತ್ತೇವೆ. ಬೀದಿದೀಪದ ಕೆಳಗೆ ಓದಿದವರು, ರಾತ್ರಿಯೆಲ್ಲ ಎದ್ದಿದ್ದು ಓದಿದವರು ನಮ್ಮ ಮಾತಿನಲ್ಲಿ ಬಂದೇ ಬರುತ್ತಾರೆ. ಅದನ್ನು ಕೇಳಿದ ನೀವು ಮನಸ್ಸಿನಲ್ಲೇ, 'ಅವರಿಗೇನೋ ಆಯಿತು, ನಮಗೆ ಹೊತ್ತೆಲ್ಲಿದೆ?' ಎಂದುಕೊಳ್ಳುತ್ತೀರಿ. ಕಾಲೇಜು, ಟ್ಯೂಷನ್, ಪರೀಕ್ಷೆ, ಇವುಗಳ ಮಧ್ಯೆ ಕೈಯಲ್ಲೊಂದು ಮೊಬೈಲು. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಇವತ್ತು ನಾನು ಮಹನೀಯರ ವಿಷಯ ಹೇಳುವುದಿಲ್ಲ. ಸಾಧಾರಣವಾದ ಒಂದು ಮನೆಯಲ್ಲಿ, ಸಾಧಾರಣವಾದ ಒಂದು ವಾರದಲ್ಲಿ ಪುಸ್ತಕಕ್ಕೆ ಎಲ್ಲಿ ಜಾಗ ಸಿಕ್ಕಿತು ಎಂಬುದನ್ನಷ್ಟೇ ಹೇಳುತ್ತೇನೆ. ಆ ಮನೆ ನಮ್ಮದೇ. ನಾನು, ಯಜಮಾನರು, ಪಿ.ಯು.ಸಿ. ಓದುವ ಮಗಳು, ಎಂಟನೆಯ ತರಗತಿಯ ಮಗ ಮತ್ತು ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆಯವರು, ಒಟ್ಟು ಐದು ಜನ. ಕಾಲ ಅವರೆಕಾಯಿಯ ಕಾಲ.

ಸೋಮವಾರದಿಂದ ಶುರುಮಾಡೋಣ. ನಾನು ಓದುವುದು ಬೆಳಗಿನ ಹೊತ್ತು. ಹಾಲು ಬರುವುದಕ್ಕೂ ಮಕ್ಕಳು ಏಳುವುದಕ್ಕೂ ನಡುವೆ ಒಂದು ಅರ್ಧ ಗಂಟೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಹದಿನೈದು ಪುಟ ಆರಾಮವಾಗಿ ಸಾಗುತ್ತದೆ. ವಾರಕ್ಕೆ 105 ಪುಟ. ವರ್ಷಕ್ಕೆ ಲೆಕ್ಕ ಹಾಕಿದರೆ ಐದು ಸಾವಿರ ಪುಟ ದಾಟುತ್ತದೆ. ಅಂದರೆ ಇನ್ನೂರು ಪುಟದ ಪುಸ್ತಕಗಳು ಇಪ್ಪತ್ತೈದಕ್ಕೂ ಹೆಚ್ಚು! ಈ ಲೆಕ್ಕವನ್ನು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ, ಕಾಗದ ತೆಗೆದುಕೊಂಡು ತಾನೇ ಗುಣಿಸಿ ನೋಡಿದಳು. ನೀವೂ ನೋಡಿ.

ಆ ವಾರ ನನ್ನ ಕೈಯಲ್ಲಿದ್ದದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಪ್ರಕಟವಾದ ಕಾದಂಬರಿ. ಮೊದಲೇ ಓದಿದ್ದೆ, ಇದು ಎರಡನೆಯ ಸಲ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೊರಟ ಒಬ್ಬ ವಿಜ್ಞಾನಿ, ಅವರ ಜೊತೆ ಜೇನು ಹಿಡಿಯುವ ಮಂದಣ್ಣ ಮೊದಲಾದವರ ಕಥೆ. ದೊಡ್ಡ ವಿಜ್ಞಾನಿಗೆ ಹಳ್ಳಿಯ ಮಂದಣ್ಣ ಯಾಕೆ ಬೇಕಾದ ಎಂಬುದು ಓದಿದ ಮೇಲೆ ತಿಳಿಯುತ್ತದೆ. ನಾನು ಆ ಪುಸ್ತಕವನ್ನು ಊಟದ ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋಗಿದ್ದೆ. ಮಂಗಳವಾರ ಸಂಜೆ ಬಂದು ನೋಡಿದರೆ ಮಗ ಹಿತ್ತಿಲಿನ ಬೇಲಿಯ ಹತ್ತಿರ ಅಲ್ಲಾಡದೆ ನಿಂತಿದ್ದಾನೆ. ಏನೋ ಎಂದರೆ, ಬಾಯಿಯ ಮೇಲೆ ಬೆರಳಿಟ್ಟು ಬೇಲಿಯ ಮೇಲಿದ್ದ ಓತಿಕ್ಯಾತನನ್ನು ತೋರಿಸಿದ. ಅದು ಹಾರುವ ಜಾತಿಯದಲ್ಲ, ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ಓತಿಕ್ಯಾತ. ಆದರೆ ಅದನ್ನು ಕಂಡ ಕೂಡಲೇ ಕಲ್ಲು ಹುಡುಕುತ್ತಿದ್ದ ಹುಡುಗ ಅಂದು ಸುಮ್ಮನೆ ನಿಂತು ನೋಡುತ್ತಿದ್ದ. ಪುಸ್ತಕ ಓದು ಎಂದು ನಾನು ಅವನಿಗೆ ಹೇಳಿರಲಿಲ್ಲ. ಮನೆಯಲ್ಲಿ ಪುಸ್ತಕ ಬೀರುವಿನೊಳಗೆ ಬೀಗ ಹಾಕಿಕೊಂಡಿರದೆ ಕೈಗೆ ಸಿಗುವಂತಿರಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಬುಧವಾರ ನಮ್ಮ ಮನೆಯಲ್ಲಿ ಹಿತಕವರೆಬೇಳೆ ಸಾರು. ಮಾಡಿದವರಿಗೆ ಗೊತ್ತು, ಅದು ಒಂದು ದಿನದ ಅಡಿಗೆಯಲ್ಲ. ಹಿಂದಿನ ದಿನವೇ ಕಾಯಿ ಬಿಡಿಸಿ ಕಾಳನ್ನು ನೀರಿನಲ್ಲಿ ನೆನೆಹಾಕಬೇಕು. ಮರುದಿನ ಒಂದೊಂದೇ ಕಾಳನ್ನು ಎರಡು ಬೆರಳಿನ ನಡುವೆ ಹಿತುಕಿ ಸಿಪ್ಪೆ ತೆಗೆಯಬೇಕು. ಐದು ಜನಕ್ಕಾಗುವಷ್ಟು ಬೇಳೆ ಬೇಕಾದರೆ ಒಂದು ಗಂಟೆಯ ಕೆಲಸ. ಕೈಗೆ ಕೆಲಸವಿದೆ, ಕಿವಿಗೆ ಬಿಡುವಿದೆ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಒಬ್ಬರು ಓದುವುದು, ಉಳಿದವರು ಕೇಳುವುದು ರೂಢಿ. ಹಿಂದೆ ನಮ್ಮ ಹಳ್ಳಿಗಳಲ್ಲಿ ಗದುಗಿನ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ಓದಿ ಹತ್ತಾರು ಜನ ಕೇಳುತ್ತಿದ್ದರಲ್ಲ, ಅದೇ ಪದ್ಧತಿ. ಅಕ್ಷರ ಬಾರದವರೂ ಆ ಕಾವ್ಯಗಳನ್ನು ಬಲ್ಲವರಾದದ್ದು ಹೀಗೆ ಕೇಳಿಯೇ.

ಅಂದು ಮಗಳು ಓದಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರ ಕಾದಂಬರಿ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿ ತೆರೆಗೆ ತಂದರು. ಮಗುವಾಗಿದ್ದಾಗಲೇ ಮದುವೆಯಾಗಿ, ಮದುವೆ ಎಂದರೇನೆಂದು ತಿಳಿಯುವ ಮೊದಲೇ ವಿಧವೆಯಾಗಿ, ನೂರು ವರ್ಷಕ್ಕೂ ಮೀರಿ ಬದುಕಿದ ಹೆಣ್ಣುಮಗಳೊಬ್ಬಳ ಕಥೆ. ಕಲ್ಪನೆಯಿಂದ ಹೆಣೆದದ್ದಲ್ಲ, ಲೇಖಕಿಯ ಬಂಧುವರ್ಗದ ಹಿರಿಯರೊಬ್ಬರ ಬದುಕು. ತಾಯಿ ಹೇಳಿದ್ದನ್ನು ಮಗಳು ಕೇಳಿಟ್ಟುಕೊಂಡು ಮುಂದೆ ಪುಸ್ತಕ ಮಾಡಿದರು. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಅವರ ಮದುವೆಯೂ ಹನ್ನೆರಡನೆಯ ವಯಸ್ಸಿಗೇ ಆಯಿತು. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಸಂಸಾರ ನಡೆಸಿಕೊಂಡೇ ಓದಿ, ಸಂಸಾರ ನಡೆಸಿಕೊಂಡೇ ಬರೆದವರು ಅವರು.

ನಮ್ಮ ಅತ್ತೆಯವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಅಕ್ಷರ ಬರುತ್ತದೆ. ಪಂಚಾಂಗ ನೋಡುತ್ತಾರೆ, ಪತ್ರಿಕೆಯ ದಪ್ಪಕ್ಷರ ಓದುತ್ತಾರೆ. ಆದರೆ ಒಂದು ಇಡೀ ಪುಸ್ತಕವನ್ನು ಓದಿದವರಲ್ಲ. 'ಪುರುಸೊತ್ತು ಎಲ್ಲಿತ್ತಮ್ಮಾ' ಎನ್ನುತ್ತಾರೆ. ಮಗಳು ಓದುತ್ತಿದ್ದಾಗ ಅವರ ಬೆರಳುಗಳು ಅವರೆಕಾಳು ಹಿತುಕುವುದನ್ನು ಎರಡು ಸಲ ನಿಲ್ಲಿಸಿದವು. 'ನಮ್ಮ ಚಿಕ್ಕಜ್ಜಿಯದೂ ಇದೇ ಪಾಡು' ಎಂದು ಹೇಳಿ, ಮತ್ತೆ ಕಾಳು ತೆಗೆದುಕೊಂಡರು. ಆ ಚಿಕ್ಕಜ್ಜಿಯ ಹೆಸರನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ. ಮೊಮ್ಮಗಳು ಪುಸ್ತಕ ಮಡಚಿಟ್ಟು, 'ಯಾರಜ್ಜಿ ಅವರು?' ಎಂದು ಕೇಳಿದಳು. ಅಂದು ರಾತ್ರಿಯ ಊಟ ಅರ್ಧ ಗಂಟೆ ತಡವಾಯಿತು.

ಗುರುವಾರ ನಾನು ಒಂದು ಪುಟವನ್ನೂ ಓದಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ, ಸಂಜೆ ನೆಂಟರು ಬಂದರು. ಇಂಥ ದಿನಗಳು ಇದ್ದೇ ಇರುತ್ತವೆ. ಒಂದು ದಿನ ತಪ್ಪಿತೆಂದು ಓದನ್ನೇ ಬಿಡಬೇಕಾಗಿಲ್ಲ, ಮರುದಿನ ಎರಡರಷ್ಟು ಓದಿ ತೀರಿಸಬೇಕಾಗಿಯೂ ಇಲ್ಲ.

ಶುಕ್ರವಾರ ಸಿಟಿ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಮಾಸ್ತಿಯವರ ಒಂದು ಸಣ್ಣ ಕಥೆ ಮುಗಿಯಿತು. ಅವರ ಮೊದಲ ಕಥಾಸಂಗ್ರಹ ಬಂದದ್ದು 1920ರಲ್ಲಿ. ನೂರು ವರ್ಷ ದಾಟಿದರೂ ಎದುರಿಗೆ ಕುಳಿತು ಯಾರೋ ಹಿರಿಯರು ಸಮಾಧಾನವಾಗಿ ಹೇಳುತ್ತಿರುವ ಹಾಗೆಯೇ ಇದೆ ಆ ಧಾಟಿ. ಬಸ್ಸಿನಲ್ಲಿ ಓದುವವರು ಸಣ್ಣ ಕಥೆಯನ್ನೇ ಆರಿಸಿಕೊಳ್ಳಿ. ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಮುಗಿಯುತ್ತದೆ, ದಿನವೆಲ್ಲ ಅದರ ನೆನಪು ಜೊತೆಗಿರುತ್ತದೆ.

ಶನಿವಾರ ಗ್ರಂಥಾಲಯದ ದಿನ. ಪುಸ್ತಕ ಕೊಳ್ಳಲು ಹಣವಿಲ್ಲ ಎಂಬ ಮಾತನ್ನು ವಿದ್ಯಾರ್ಥಿಗಳು ಆಗಾಗ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಎಂದರೆ ಆ ಪುಸ್ತಕಗಳು ಜನರು ಕೊಟ್ಟ ಹಣದವು, ನಿಮಗಾಗಿಯೇ ಕಾದಿರುವಂಥವು. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಐದು ಸೂತ್ರಗಳ ಗ್ರಂಥವನ್ನು 1931ರಲ್ಲಿ ಪ್ರಕಟಿಸಿದರು. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿಯೇ ಕಳೆದರು. ಪುಸ್ತಕ ಇರುವುದು ಬಳಸುವುದಕ್ಕಾಗಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕವಿದೆ, ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗನಿದ್ದಾನೆ ಎಂಬುದು ಮೊದಲ ಮೂರು ಸೂತ್ರಗಳ ಸಾರಾಂಶ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ಸಣ್ಣದು, ಎರಡು ಕೋಣೆ. ಆದರೂ ಆ ಕಪಾಟುಗಳ ನಡುವೆ ನಿಂತಾಗ ಈ ಮೂರನೆಯ ಸೂತ್ರ ನನಗೆ ನೆನಪಾಗುತ್ತದೆ.

ಇನ್ನು ಭಾನುವಾರ. ಗ್ರಂಥಾಲಯದಿಂದ ತಂದದ್ದನ್ನು ಹಂಚಿಕೊಂಡು, ಅರ್ಧಕ್ಕೆ ನಿಂತಿದ್ದ 'ಫಣಿಯಮ್ಮ'ನನ್ನು ಮಗಳು ಮತ್ತೆ ಕೈಗೆತ್ತಿಕೊಂಡಳು. ಬುಧವಾರ ನಿಲ್ಲಿಸಿದ ಪುಟದಿಂದ ಓದಲು ಶುರುಮಾಡಿದಾಗ ಅತ್ತೆಯವರು, 'ಅಲ್ಲಿಂದ ಬೇಡ ಕಣೇ, ಇನ್ನೂ ನಾಲ್ಕು ಪುಟ ಮುಂದೆ ಹೋಗು' ಎಂದರು. ನಮಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ನಾವೆಲ್ಲ ಹೊರಗೆ ಹೋಗಿದ್ದಾಗ ಮಧ್ಯಾಹ್ನದ ಹೊತ್ತು ಅವರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತಾವೇ ಓದಿದ್ದರು. ಎರಡು ದಿನಕ್ಕೆ ನಾಲ್ಕು ಪುಟ.

ನನ್ನ ವಾರದ ಲೆಕ್ಕ ಅವರದರ ಮುಂದೆ ಏನೂ ಅಲ್ಲ ಎನಿಸಿತು. ನನಗೆ ಓದಲು ಅರ್ಧ ಗಂಟೆ ಸಿಗುವುದು ಯಾಕೆ? ಬೆಳಗಿನ ಕಾಫಿಯನ್ನು ಯಜಮಾನರು ಮಾಡುತ್ತಾರೆ, ಬಾಗಿಲಿಗೆ ನೀರು ಹಾಕಿ ರಂಗೋಲಿಯಿಡುವುದನ್ನು ಅತ್ತೆಯವರು ನೋಡಿಕೊಳ್ಳುತ್ತಾರೆ. ಒಬ್ಬರು ಪುಸ್ತಕ ಹಿಡಿದು ಕೂತಿದ್ದಾರೆ ಎಂದರೆ ಅವರ ಪಾಲಿನ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ಮಾಡುತ್ತಿದ್ದಾರೆ ಎಂದೇ ಅರ್ಥ. ಆ ಇನ್ನೊಬ್ಬರು ಬಹಳ ಮನೆಗಳಲ್ಲಿ ತಾಯಿ ಅಥವಾ ಅಜ್ಜಿ. ಆ ಭಾನುವಾರದಿಂದ ನಮ್ಮಲ್ಲಿ ಒಂದು ಏರ್ಪಾಡಾಗಿದೆ. ಮಧ್ಯಾಹ್ನದ ಊಟವಾದ ಮೇಲೆ ಎಂಜಲು ಬಳಿಯುವುದು, ಪಾತ್ರೆ ತೊಳೆಯುವುದು ಮಕ್ಕಳಿಬ್ಬರ ಕೆಲಸ. ಆ ಮುಕ್ಕಾಲು ಗಂಟೆ ಅಜ್ಜಿಯದು. ಬಿಸಿಲು ಬೀಳುವ ಕಿಟಕಿಯ ಪಕ್ಕದ ಕುರ್ಚಿಯೂ ಅವರದೇ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಲ್ಲರಿಗೂ ಪ್ರತ್ಯೇಕ ಕೋಣೆ, ಮೇಜು, ದೀಪ ಇರುವುದಿಲ್ಲ ಎಂಬುದು ನನಗೆ ಗೊತ್ತು. ಅವು ಬರುವವರೆಗೆ ಕಾಯಬೇಡಿ. ದಿನದಲ್ಲಿ ಅರ್ಧ ಗಂಟೆ ಗೊತ್ತುಮಾಡಿಕೊಳ್ಳಿ. ಪಠ್ಯದಲ್ಲಿಲ್ಲದ ಒಂದು ಪುಸ್ತಕವನ್ನು ಕೈಗೆ ತೆಗೆದುಕೊಳ್ಳಿ. ವಾರದಲ್ಲಿ ಒಂದು ದಿನ, ಅಮ್ಮ ಸೊಪ್ಪು ಬಿಡಿಸುವಾಗಲೋ ಬಟ್ಟೆ ಮಡಚುವಾಗಲೋ ಹತ್ತಿರ ಕುಳಿತು ಗಟ್ಟಿಯಾಗಿ ಓದಿ ಹೇಳಿ. ಇನ್ನೊಂದು ದಿನ ಆ ಕೆಲಸವನ್ನು ನೀವು ತೆಗೆದುಕೊಂಡು ಪುಸ್ತಕವನ್ನು ಅವರ ಕೈಗೆ ಕೊಡಿ. ಅವರು ನಿಧಾನವಾಗಿ ಓದಿದರೆ ಅವಸರಪಡಿಸಬೇಡಿ.

ಈ ಮಾತು ಮುಗಿದ ಮೇಲೆ ಟಿ.ವಿ. ಆರಿಸಿ, ಹದಿನೈದು ಪುಟ ಓದಿ ಎಂದು ಹೇಳಿದರೆ ವಾಹಿನಿಯವರು ನನ್ನ ಮೇಲೆ ಮುನಿಸಿಕೊಳ್ಳಲಾರರು ಎಂದುಕೊಂಡಿದ್ದೇನೆ.