ಪತ್ರಿಕಾಲೇಖನದ ವಿಳಾಸ



ನಮ್ಮಲ್ಲಿ ಹಲವರು ಊರಿನ ಶಾಸನ, ಸ್ಥಳನಾಮ, ಆಚರಣೆಗಳನ್ನು ಕುರಿತು ಬರೆಯುತ್ತಿದ್ದೇವೆ. ಅದಕ್ಕೆ ಬೇಕಾದ ಹಳೆಯ ಪತ್ರಿಕೆಗಳು ಹೆಚ್ಚಾಗಿ ಮೈಸೂರು, ಧಾರವಾಡಗಳ ಗ್ರಂಥಾಲಯಗಳಲ್ಲಿವೆ. ಕಾಸರಗೋಡಿನಿಂದಲೋ ಅಕ್ಕಲಕೋಟೆಯಿಂದಲೋ ರಜೆ ಹಾಕಿ ಹೋಗಿ ಬಂದವರ ಟಿಪ್ಪಣಿಯಲ್ಲಿ ಒಂದು ಪುಟಸಂಖ್ಯೆ ಬಿಟ್ಟುಹೋದರೆ, ಅದೊಂದಕ್ಕಾಗಿ ಮತ್ತೊಂದು ಪ್ರಯಾಣ ಮಾಡಬೇಕಾಗುತ್ತದೆ.

ಲೇಖಕರು, ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ವರ್ಷ, ಮೊದಲ ಮತ್ತು ಕೊನೆಯ ಪುಟ ಇಷ್ಟನ್ನು ಗುರುತಿಸಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ತೊಡಕಿರುವುದು ಬೇರೆಡೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಹೊರಟ ‘ಪ್ರಬುದ್ಧ ಕರ್ಣಾಟಕ’ದಂತಹ ತ್ರೈಮಾಸಿಕಗಳ ಸಂಚಿಕೆಗಳನ್ನು ಒಂದೇ ರಟ್ಟಿನೊಳಗೆ ಹೊಲಿದಿಡುವುದು ಗ್ರಂಥಾಲಯಗಳ ರೂಢಿ. ಹೊಲಿಯುವಾಗ ಹೊದಿಕೆಯ ಪುಟಗಳನ್ನು ಕಿತ್ತಿದ್ದರೆ ಸಂಚಿಕೆಯ ಗುರುತೂ ಅವುಗಳೊಡನೆ ಹೋಗಿರುತ್ತದೆ. ರಟ್ಟು ಕಟ್ಟುವವನಿಗೆ ಅವು ಬರಿಯ ಕಾಗದ. ಆದುದರಿಂದ ಪುಟಸಂಖ್ಯೆ ಸಂಪುಟದುದ್ದಕ್ಕೂ ಮುಂದುವರಿದಿದೆಯೇ, ಪ್ರತಿ ಸಂಚಿಕೆಯಲ್ಲೂ 1ರಿಂದ ಆರಂಭವಾಗುತ್ತದೆಯೇ ಎಂದು ಮೊದಲು ನೋಡಬೇಕು. ಎರಡನೆಯ ಬಗೆಯಾದರೆ 45ನೆಯ ಪುಟ ಒಂದೇ ಸಂಪುಟದಲ್ಲಿ ನಾಲ್ಕು ಕಡೆ ಇರಬಹುದು. ಸಂಚಿಕೆಯ ಸಂಖ್ಯೆಯಿಲ್ಲದ ಉಲ್ಲೇಖದಿಂದ ಯಾರಿಗೂ ದಾರಿ ಸಿಗದು.

ಕೆಲವು ಪತ್ರಿಕೆಗಳ ಮೇಲೆ ಸಂವತ್ಸರದ ಹೆಸರಷ್ಟೇ ಇರುತ್ತದೆ. ಪ್ರಭವ ಸಂವತ್ಸರ 1927ರ ಯುಗಾದಿಗೂ ಬಂತು, 1987ರ ಯುಗಾದಿಗೂ ಬಂತು. ಮುಂದಿನ ಯುಗಾದಿಯವರೆಗೆ ವ್ಯಾಪಿಸುವುದರಿಂದ ಅದು ಎರಡು ಇಸವಿಗಳಿಗೆ ಸೇರುತ್ತದೆ. ಮುದ್ರಿತವಾದುದನ್ನು ಹಾಗೆಯೇ ಬರೆದುಕೊಂಡು, ನಾವು ಲೆಕ್ಕಹಾಕಿದ ಇಸವಿಯನ್ನು ಚೌಕ ಆವರಣದಲ್ಲಿ ಕೊಡುವುದು ಪ್ರಾಮಾಣಿಕ ಕ್ರಮ. ಹೆಸರಿನ ಮಾತೂ ಅಷ್ಟೇ: ಮುದ್ರಣದಲ್ಲಿ ‘ತೀನಂಶ್ರೀ’ ಎಂದಿದ್ದರೆ ಅದನ್ನೇ ಬರೆದು ಪೂರ್ಣನಾಮವನ್ನು ಪಕ್ಕದಲ್ಲಿ ಸೇರಿಸಬಹುದು.

ಇನ್ನೊಂದು ವಿಷಯವನ್ನು ತುಸು ಕಟುವಾಗಿಯೇ ಹೇಳಬೇಕು. ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನ ಲೇಖನಗಳು ಮೊದಲು ಬೇರೆ ಬೇರೆ ಪತ್ರಿಕೆಗಳಲ್ಲಿ ಹರಡಿದ್ದವು, ಅನಂತರ ಸಂಪುಟರೂಪದಲ್ಲಿ ಬಂದವು. ಸಂಪುಟವನ್ನು ಓದಿ, ಅಡಿಟಿಪ್ಪಣಿಯಲ್ಲಿ ಮೂಲ ಪತ್ರಿಕೆಯನ್ನೇ ಕಂಡವರಂತೆ ಬರೆಯುವುದು ಸಲ್ಲದು. ಕಂಡದ್ದು ಸಂಪುಟವಾದರೆ ಸಂಪುಟದ ಪುಟವನ್ನೇ ಕೊಟ್ಟು, ಮೊದಲ ಪ್ರಕಟಣೆಯ ವಿವರವನ್ನು ಬೇರೆಯಾಗಿ ತಿಳಿಸಬೇಕು. ಕಾಣದ ಮೂಲದ ವಿವರವನ್ನು ಒಬ್ಬರಿಂದೊಬ್ಬರು ನಕಲುಮಾಡುತ್ತ ಹೋದರೆ, ಒಂದು ತಪ್ಪು ಇಸವಿ ತಲೆಮಾರುಗಳ ಕಾಲ ಬಾಳುತ್ತದೆ.

ಕೊನೆಯದಾಗಿ, ನಮ್ಮ ಶಾಲೆಗಳೂ ಸಂಘಗಳೂ ಹೊರತರುವ ವಾರ್ಷಿಕ ಸಂಚಿಕೆಗಳಲ್ಲಿ ಪ್ರತಿ ಪುಟದ ಅಡಿಯಲ್ಲಿ ಪತ್ರಿಕೆಯ ಹೆಸರು, ಸಂಪುಟ, ತಿಂಗಳು, ಇಸವಿಗಳನ್ನು ಅಚ್ಚು ಹಾಕಿಸಿರಿ. ಹೊದಿಕೆ ಹೋದರೂ ಲೇಖನ ಅನಾಥವಾಗದು.